ಚಕ್ರದ ಮೇಲಿನ ಕೆಂಪು ಗುರುತು ನನ್ನದು

ಮಗಳೇ,

ಅಪ್ಪನ ಮಂಡಿ ತೋರಿಸಲು ಆಸ್ಪತ್ರೆಗೆ ಹೊರಟಿದ್ದೇವೆ. ಊಟ ಮುಚ್ಚಿಟ್ಟಿದ್ದೇನೆ. ಮೊದಲು ತಿನ್ನು, ಆಮೇಲೆ ಗಾಡಿ.

ಮೂರು ದಿನದಿಂದ ಅವರ ಹಳೇ ಮೋಟಾರ್‌ಸೈಕಲ್ಲಿಗೆ ಕಿಡಿಯ ಟೈಮಿಂಗ್ ಕೂರಿಸುತ್ತಿದ್ದೀಯ. ಕಿಕ್ ಹೊಡೆದಾಗಲೆಲ್ಲ ಅದು ತಿರುಗಿ ಒದ್ದು ನಿನ್ನ ಪಾದ ಊದಿದೆ. “ಗುರುತು ನೋಡ್ಕೊಂಡು ಕೂರಿಸೋಕೂ ಬರಲ್ವೇನೇ?” ಅಂತ ಅವರು ಕೂತಲ್ಲಿಂದಲೇ ಹಂಗಿಸಿದರು. “ನನ್ನ ಕೈಲಾಗಲ್ಲಮ್ಮ, ಗುಜರಿಗೆ ಹಾಕು” ಅಂತ ನೀನು ಸ್ಪ್ಯಾನರ್ ಎಸೆದೆ.

ತಪ್ಪು ನಿನ್ನದಲ್ಲ. ಹೋದ ತಿಂಗಳು ನಾನೇ ಎಂಜಿನ್ನಿನ ಮ್ಯಾಗ್ನೆಟ್ ಚಕ್ರದ ಜಿಡ್ಡನ್ನು ಪಾತ್ರೆ ಉಜ್ಜಿದ ಹಾಗೆ ಉಜ್ಜಿದೆ. ಅಪ್ಪ ಹಾಕಿದ್ದ ಟೈಮಿಂಗ್ ಗುರುತೂ ಹೋಯಿತು. ಬೈಗುಳಕ್ಕೆ ಹೆದರಿ, ಅಂದಾಜಿನ ಮೇಲೆ ಕೆಂಪು ಉಗುರುಬಣ್ಣದಲ್ಲಿ ಇನ್ನೊಂದು ಹಾಕಿದೆ. ನಿನ್ನೆ ನಿನ್ನ ಪಾದಕ್ಕೆ ಶಾಖ ಕೊಡುವಾಗಲೂ ಹೇಳಲು ಬಾಯಿ ಬರಲಿಲ್ಲ. ಸುಸ್ತಾಗಿತ್ತು ಅನ್ನುವುದು ನೆಪ.

ಆ ಗುರುತನ್ನು ಮರೆತುಬಿಡು. ಪ್ಲಗ್ ಬಿಚ್ಚಿ, ತೂತಿನೊಳಗೆ ನನ್ನ ಸ್ವೆಟರ್ ಹೆಣೆಯುವ ಕಡ್ಡಿ ಇಳಿಬಿಡು. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಕಡ್ಡಿಗೆ ಗೀರು ಹಾಕು. ಚಕ್ರವನ್ನು ಹಿಂದಕ್ಕೆ ತಿರುಗಿಸು, ಕಡ್ಡಿ ಮೂರು ಮಿಲಿಮೀಟರ್ ಇಳಿಯಲಿ. ಅಲ್ಲಿ ಕಿಡಿ ಕೊಡುವ ಪಾಯಿಂಟಿನ ಎರಡು ತುದಿ ಆಗಷ್ಟೇ ಬಿಡಬೇಕು. ನಡುವೆ ಸಿಗಿಸಿದ ತೆಳು ಕಾಗದ ಮೆಲ್ಲಗೆ ಎಳೆದರೆ ಜಾರಿ ಬರಬೇಕು. ಬರದಿದ್ದರೆ ಪಾಯಿಂಟ್ ಕೂತಿರುವ ಪ್ಲೇಟನ್ನು ತುಸು ಸರಿಸಿ ನೋಡು. ಅಪ್ಪ ಟೈಮಿಂಗ್ ಕೂರಿಸುವಾಗ ಆ ಕಾಗದ ಎಳೆಯುವ ಕೆಲಸ ವರ್ಷಗಟ್ಟಲೆ ನನ್ನದೇ ಆಗಿತ್ತು.

ದಾರಿಯಲ್ಲಿ ಅಪ್ಪನಿಗೂ ಹೇಳುತ್ತೇನೆ. ಬೈದರೆ ಬೈಯಲಿ, ಜಗಳವಾಡಲು ನನಗೆ ಶಕ್ತಿಯಿಲ್ಲ.

ನಾಲ್ಕಕ್ಕೆ ಗುಜರಿಯವನು ಬರುತ್ತಾನೆ. ಗಾಡಿ ಬೇಡವೆನಿಸಿದರೆ ಕೊಟ್ಟುಬಿಡು, ನಿನ್ನಿಷ್ಟ. ನಿನಗೆ ಬರಲ್ಲ ಅಂತ ಮಾತ್ರ ಕೊಡಬೇಡ.

ಅಮ್ಮ