ಮೂರನೆಯವನಿಗೆ ಮುಖದಲ್ಲಿ ಜಾಗ

ಮಂಗಳವಾರ,
ಮಧ್ಯಾಹ್ನ, ಮಗ್ಗ ನಿಲ್ಲಿಸಿದ ಹೊತ್ತು

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ನಿಮ್ಮ ಕಾಗದ ಸೇರಿತು. ಇದ್ದದ್ದು ಎರಡೇ ಸಾಲು, ಆದರೂ ನಿಮ್ಮ ಮಗ ಅದನ್ನು ಓದಿ ಮುಗಿಸುವಷ್ಟರಲ್ಲಿ ಅವರ ಲೋಟದ ಚಹಾ ಆರಿಹೋಗಿತ್ತು. “ಮಗುವಿಗೆ ನಿಮಗಿಷ್ಟ ಬಂದ ಹೆಸರು ಇಟ್ಟುಕೊಳ್ಳಿ, ನನ್ನನ್ನು ಕೇಳಬೇಡಿ” ಎಂದು ಬರೆದಿದ್ದೀರಿ. ಕೇಳಬೇಡಿ ಎಂದ ಮೇಲೂ ಕೇಳುತ್ತಿದ್ದೇನೆ. ಫೋನಿನಲ್ಲಾದರೆ ನನಗೆ ಬಾಯಿ ಬರುತ್ತಿರಲಿಲ್ಲ, ನಿಮಗೆ ಕೇಳಿಸುತ್ತಲೂ ಇರಲಿಲ್ಲ. ನಾದಿನಿಯ ಹತ್ತಿರ ಹೇಳಿ ಕಳಿಸೋಣವೆಂದರೆ ಅರ್ಧ ಮಾತು ಅವರ ಅಡುಗೆಮನೆಯಲ್ಲೇ ಉಳಿದುಬಿಡುತ್ತದೆ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಕೊನೆತನಕ ಓದಿ.

ದಾಖಲೆಯ ಹೆಸರಿನ ಚಿಂತೆ ಇಲ್ಲ. ಅದನ್ನು ಆಸ್ಪತ್ರೆಯಲ್ಲೇ ಬರೆಸಿದ್ದಾಯಿತು. ಅಣ್ಣಂದಿರ ಹೆಸರಿನ ಜೊತೆ ಚೆನ್ನಾಗಿ ಕೂಡಿ ಬರುತ್ತದೆ, ಶಾಲೆಯಲ್ಲಿ ಹಾಜರಿ ಕೂಗುವವರಿಗೆ ಸುಲಭ. ಆದರೆ ಮಗ್ಗಗಳೆಲ್ಲ ಒಟ್ಟಿಗೆ ಓಡುವಾಗ ಆ ಹೆಸರು ಕೂಗಿದವರ ಹಲ್ಲು ದಾಟಿ ಆಚೆ ಬರುವುದಿಲ್ಲ. ಈ ಮನೆಯಲ್ಲಿ ಹೆಸರು ಅಂದರೆ ಕೈಯಲ್ಲಿ ಕರೆಯುವ ಹೆಸರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಇದೇನು ಎಲ್ಲರೂ ಮುಖ ಮುಖ ಮುಟ್ಟಿಕೊಳ್ಳುತ್ತಾರೆ, ಸೊಳ್ಳೆ ಕಾಟವಿರಬೇಕು ಅಂದುಕೊಂಡಿದ್ದೆ. ಈಗ ನನಗೂ ಬರುತ್ತದೆ. ಗದ್ದದ ಮೇಲೆ ಬೆರಳು ಒತ್ತಿದರೆ ದೊಡ್ಡವನು, ಗುಳಿ ಬಿದ್ದ ಗದ್ದ ಇಟ್ಟುಕೊಂಡೇ ಹುಟ್ಟಿದವನು. ಕಿವಿಯ ಹಾಲೆ ಎಳೆದರೆ ನಡುವಿನವನು, ಮೊದಲ ಸಲ ಎತ್ತಿಕೊಂಡಾಗಲೇ ನಿಮ್ಮ ಕಿವಿ ಹಿಡಿದು ಬಿಡದೇ ಹೋದನಂತೆ. ಎರಡೂ ಒಂದೇ ಕೈಯ ಹೆಸರು, ಇನ್ನೊಂದು ಕೈ ಮಗ್ಗದ ಮೇಲೇ ಇರಬಹುದು. ಗದ್ದದಿಂದ ಕಿವಿಯವರೆಗೆ ಬೆರಳು ಎಳೆದರೆ ಇಬ್ಬರೂ ಒಟ್ಟಿಗೆ ಓಡಿ ಬರುತ್ತಾರೆ. ನಿಮ್ಮ ಮಗನದು ಮೂಗು. ಮಗ್ಗ ರಿಪೇರಿಗೆ ಬರುವ ಮೆಕ್ಯಾನಿಕ್ಕರದು ಮೊಣಕೈ. ಮುಖ ಮನೆಯವರಿಗೆ, ಕೈ ಭುಜ ಕೆಲಸಕ್ಕೆ ಬರುವವರಿಗೆ ಎಂಬ ಕಟ್ಟಳೆಯನ್ನೂ ನೀವೇ ಮಾಡಿದ್ದಂತೆ. ನನ್ನನ್ನು ಕರೆಯಬೇಕಾದಾಗ ಎಲ್ಲರೂ ಒಂದು ತುಂಡು ಬಟ್ಟೆ ಬೀಸುತ್ತಾರೆ. ಅದಕ್ಕೆ ನನಗೇನೂ ಬೇಜಾರಿಲ್ಲ. ಬಟ್ಟೆ ನೇಯುವ ಮನೆಯಲ್ಲಿ ಬಟ್ಟೆಗೇನು ಬರ?

ಆದರೆ ಮಗುವಿಗೆ ಹೆಸರು ಬೇಕೇ ಬೇಕು. ಯಾಕೆ ಎಂದು ಹೇಳುತ್ತೇನೆ. ಮಗುವನ್ನು ಮಗ್ಗದ ಶೆಡ್ಡಿನೊಳಗೆ ತರುವುದಿಲ್ಲ, ಹೆದರಬೇಡಿ. ಆ ಸದ್ದು ನಿಮ್ಮ ಕಿವಿ ತಿಂದದ್ದೇ ಸಾಕು. ತೊಟ್ಟಿಲು ಒಳಕೋಣೆಯಲ್ಲಿದೆ, ನಡುವೆ ಗಾಜಿನ ಕಿಟಕಿ. ಹುಡುಗರು ಶಾಲೆಯಿಂದ ಬಂದವರು ಕಿವಿಗೆ ಹತ್ತಿ ತುರುಕಿಕೊಂಡು, ನೂಲು ಸುತ್ತಿದ ಕಂಡಿಕೆಗಳನ್ನು ಸ್ವಲ್ಪ ಹೊತ್ತು ತಂದುಕೊಡುತ್ತಾರೆ. ಹೋದ ವಾರ ದೊಡ್ಡವನು ಕಂಡಿಕೆಯ ಪೆಟ್ಟಿಗೆ ಹೊತ್ತು ಬರುತ್ತಾ ಕಿಟಕಿಯಲ್ಲಿ ಇಣುಕಿದ್ದಾನೆ, ಮಗು ಎದ್ದು ಅಳುತ್ತಿತ್ತು. ನನಗೆ ಹೇಳಬೇಕು, ಹೆಸರಿಲ್ಲ. ಎರಡೂ ಕೈ ಸೇರಿಸಿ ಮಗು ತೂಗುವ ಹಾಗೆ ತೋರಿಸಿದ. ಎರಡೂ ಕೈ ತೂಗುವುದಕ್ಕೆ ಹೋದರೆ ಪೆಟ್ಟಿಗೆ ಹಿಡಿಯುವವರು ಯಾರು? ಕಂಡಿಕೆಗಳೆಲ್ಲ ಮಗ್ಗದ ಕೆಳಗೆ ಉರುಳಿ, ಕೆಂಪು ನೂಲು ನೀಲಿಗೆ ತೊಡರಿ, ನೀಲಿ ಮೆಕ್ಯಾನಿಕ್ಕರ ಕಾಲಿಗೆ ತೊಡರಿ, ಮಗ್ಗ ನಿಲ್ಲಿಸಿ ಬಿಡಿಸುವುದರಲ್ಲಿ ಸಂಜೆಯಾಯಿತು.

“ಮೊದ್ಲು ಇದಕ್ಕೊಂದು ಹೆಸರಿಡಿ ತಾಯಿ, ನನ್ನ ಕಾಲು ಉಳೀಲಿ” ಎಂದರು ಮೆಕ್ಯಾನಿಕ್ಕು. “ನೋಡಿ, ಮಣಿಕಟ್ಟು ಖಾಲಿ ಇದೆ. ಅದನ್ನೇ ಇಟ್ಬಿಡಿ.”

ನಡುವಿನವನಿಗೆ ಎಲ್ಲಿತ್ತೋ ಸಿಟ್ಟು. “ಅವನೇನು ನಮ್ಮನೇಲಿ ಕೂಲಿಗೆ ಬಂದಿದ್ದಾನಾ ಮಾಮ? ನಮ್ಮ ತಮ್ಮ ಅವನು. ಮುಖದಲ್ಲೇ ಆಗ್ಬೇಕು” ಎಂದ.

“ಹಾಗಾದ್ರೆ ಕೆನ್ನೆ ಇಡೋಣ” ಎಂದರು ನಿಮ್ಮ ಮಗ.

ದೊಡ್ಡವನು ಒಪ್ಪಲಿಲ್ಲ. “ಅಪ್ಪಾ, ಕೆನ್ನೆ ನಮ್ಮಿಬ್ಬರ ಮಧ್ಯೆ ಬರುತ್ತೆ. ಕೊನೇಲಿ ಹುಟ್ಟಿದವನು ಮಧ್ಯೆ ತೂರ್ಕೊಂಡ್ರೆ ಹೆಂಗೆ? ಸರದಿ ಅಂತ ಒಂದು ಇಲ್ವಾ? ಗದ್ದ ಆಯ್ತು, ಕಿವಿ ಆಯ್ತು, ಅದರ ಮುಂದೆ ಬರ್ಬೇಕು. ಒಂದು ಸಲ ಬೆರಳೆಳೆದ್ರೆ ಮೂರೂ ಜನ ಬರ್ಬೇಕು.”

ಅತ್ತೆ, ಆ ಮಾತು ಕೇಳಿ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನನ್ನನ್ನು ಚಿಕ್ಕಮ್ಮ ಎನ್ನುವುದಕ್ಕೇ ತಡವರಿಸುವ ಹುಡುಗರು ನನ್ನ ಮಗುವಿಗೆ ತಮ್ಮ ಸಾಲಿನಲ್ಲಿ ಜಾಗ ಹುಡುಕುತ್ತಿದ್ದರು. ನನಗೂ ಏನೋ ಹೇಳಬೇಕೆನಿಸಿ ತುಟಿ ಕಚ್ಚಿಕೊಂಡು ನಿಂತೆ. “ತುಟಿ ತಿಂದಿದ್ದು ಸಾಕು, ಅದೇನು ಹೇಳು” ಎಂದರು ನಿಮ್ಮ ಮಗ. ನಾನು ಬಾಯಲ್ಲಿ ಹೇಳಲಿಲ್ಲ. ಮಗುವಿನ ಹುಬ್ಬು ಈಗಲೇ ತೀಡಿದ ಹಾಗೆ ದಟ್ಟವಾಗಿದೆ. ಗದ್ದ ಒತ್ತಿ, ಕಿವಿ ಎಳೆದು, ಅಲ್ಲಿಂದ ಬೆರಳನ್ನು ಮೇಲೆ ತಂದು ಹುಬ್ಬಿನ ಮೇಲೆ ಒಮ್ಮೆ ಸವರಿದೆ. ಎಷ್ಟು ಸಲೀಸಾಗಿ ಬಂತು ಗೊತ್ತಾ? ಮೂರೂ ಒಂದೇ ಎಳೆ.

ನಡುವಿನವನು ಎದ್ದು ಒಳಗೆ ಹೋದ. ದೊಡ್ಡವನು ತೊಡಕಾದ ನೂಲನ್ನು ಬಿಡಿಸುವುದು ಬಿಟ್ಟು ಸುಮ್ಮನೆ ಎಳೆಯತೊಡಗಿದ. ಮೆಕ್ಯಾನಿಕ್ಕು ತಮ್ಮ ಚೀಲ ಹುಡುಕಿದರು. ಆಮೇಲೆ ನಿಮ್ಮ ಮಗ ನೆಲ ನೋಡುತ್ತಾ, “ಅದು ಅವಳ ಹೆಸರು” ಎಂದರು.

ತೀರಿಕೊಂಡ ಅಕ್ಕನ ಹೆಸರು. ಈ ಹುಡುಗರನ್ನು ಹೆತ್ತವಳ ಹೆಸರು. ನನಗೆ ಯಾರೂ ಹೇಳಿರಲಿಲ್ಲ ಅತ್ತೆ. ಗೋಡೆಯ ಮೇಲಿನ ಫೋಟೋ ದಿನಾ ಒರೆಸುತ್ತೇನೆ, ಆದರೆ ಅವಳನ್ನು ಕೈಯಲ್ಲಿ ಏನೆಂದು ಕರೆಯುತ್ತಿದ್ದರು ಎಂದು ನಾನು ಕೇಳಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ನಿಮ್ಮ ಮಗ ಬೆವರು ಒರೆಸಿಕೊಳ್ಳುವಾಗ ಬೆರಳು ಬಳಸದೆ ಮುಂಗೈಯಲ್ಲಿ ಹಣೆ ಉಜ್ಜುವುದನ್ನು ನೋಡಿದ್ದೆ. ಅಭ್ಯಾಸ ಇರಬೇಕು ಅಂದುಕೊಂಡಿದ್ದೆ. ಈಗ ಗೊತ್ತಾಯಿತು, ಅವಳು ಹೋದ ಮೇಲೆ ಈ ಮನೆಯಲ್ಲಿ ಯಾರೂ ಆ ಜಾಗ ಮುಟ್ಟಿಲ್ಲ.

ಮೊದಲಿನ ನಾನಾಗಿದ್ದರೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತಿದ್ದೆ. ಈ ಸಲ ನಡುವಿನವನ ಹತ್ತಿರ ಹೋಗಿ ಕೂತೆ. “ನಿಮ್ಮಮ್ಮಂಗೆ ಹುಬ್ಬು ಯಾಕೆ ಇಟ್ರು, ಹೇಳ್ತೀಯಾ?” ಎಂದು ಕೇಳಿದೆ. ಗೋಡೆಗೆ ಮುಖ ಮಾಡಿದ್ದವನು ತಿರುಗಿ ಒಂದೇ ಹುಬ್ಬು ಮೇಲೆತ್ತಿ ತೋರಿಸಿದ. “ಬೈಯೋಕೆ ಮುಂಚೆ ಹಿಂಗೆ ಮಾಡೋಳು. ಹುಬ್ಬು ಮೇಲೆ ಹೋದ್ರೆ ನಾವು ಓಡ್ಬೇಕು ಅಂತ ಅರ್ಥ” ಎಂದ. ಅಷ್ಟರಲ್ಲಿ ದೊಡ್ಡವನು ಬಾಗಿಲಿಂದಲೇ, “ಏ, ಎಡಗಡೆದು ಕಣೋ ಅದು, ಬಲಗಡೆ ಎತ್ತಿದ್ರೆ ನಗು ಬರೋದು ಅವಳಿಗೆ” ಎಂದು ತಿದ್ದಿದ. ಇಬ್ಬರೂ ಎಡ ಬಲ ಎಂದು ಜಗಳಕ್ಕೆ ನಿಂತರು. ಜಗಳ ಬಿಡಿಸಲು ಬಂದ ಅಪ್ಪನೂ ಹುಬ್ಬು ಎತ್ತಿ ತೋರಿಸಬೇಕಾಯಿತು. ಅವರಿಗೆ ಎರಡೂ ಒಟ್ಟಿಗೇ ಮೇಲೆ ಹೋಗುತ್ತವೆ. ಹುಡುಗರು ಬಿದ್ದು ಬಿದ್ದು ನಕ್ಕರು.

ಅವತ್ತಿನಿಂದ ಮನೆಯಲ್ಲಿ ಅಕ್ಕನ ಮಾತು ಬರುತ್ತದೆ. ಅವಳ ಮಗ್ಗದ ಲಾಳಿ ಚಿಮ್ಮಿ ಮೆಕ್ಯಾನಿಕ್ಕರ ಟೊಪ್ಪಿ ಹಾರಿಸಿದ್ದು, ನಿಮ್ಮ ಜೊತೆ ಮಗ್ಗದ ಆಚೆ ಈಚೆ ನಿಂತು ಇಡೀ ಮಧ್ಯಾಹ್ನ ಕೈಯಲ್ಲೇ ಹರಟುತ್ತಿದ್ದದ್ದು. ನಾನು ಕೇಳುತ್ತೇನೆ. ನನ್ನಿಂದ ಏನೂ ಕಿತ್ತುಕೊಂಡ ಹಾಗೆ ಅನಿಸುವುದಿಲ್ಲ. ಮನೆಯಲ್ಲಿ ಒಬ್ಬರು ಜಾಸ್ತಿ ಇದ್ದ ಹಾಗೆ ಅನಿಸುತ್ತದೆ.

ಶನಿವಾರ ಏನಾಯಿತೆಂದರೆ, ದೊಡ್ಡವನು ಪೆಟ್ಟಿಗೆ ಹೊತ್ತು ಬಂದವನು ಕಿಟಕಿಯಲ್ಲಿ ನೋಡಿದ. ಪೆಟ್ಟಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು, ಒಂದು ಕೈ ಎತ್ತಿ, ಹುಬ್ಬು ಸವರಿದ. ಸವರಿದವನು ಹಾಗೇ ನಿಂತುಬಿಟ್ಟ, ಸರಿಯಾ ಎಂದು ಕೇಳುವ ಹಾಗೆ ನನ್ನನ್ನು ನೋಡಿದ. ನಾನೂ ನನ್ನ ಹುಬ್ಬು ಸವರಿಕೊಂಡೆ. “ಎದ್ದಿದ್ದಾನೆ” ಎಂದು ತೋರಿಸಿದ. ಹೋಗಿ ಎತ್ತಿಕೊಂಡೆ. ಒಂದು ಕಂಡಿಕೆಯೂ ಬೀಳಲಿಲ್ಲ.

ಆದರೆ ನಡುವಿನವನದು ಒಂದೇ ಹಟ. “ಅಜ್ಜಿ ಇಟ್ರೆ ಹೆಸರು. ನಾವು ಇಟ್ಕೊಂಡ್ರೆ ಬರೀ ಆಟ” ಅನ್ನುತ್ತಾನೆ. ಅವನ ಮಾತು ಸರಿ. ಅಕ್ಕನಿಗೆ ಅದನ್ನು ಇಟ್ಟವರು ನೀವು. ಅದನ್ನು ತೆಗೆದು ಇನ್ನೊಬ್ಬರಿಗೆ ಕೊಡುವ ಅಧಿಕಾರ ನನಗಿಲ್ಲ, ನಿಮ್ಮ ಮಗನಿಗೂ ಇಲ್ಲ.

ನಮ್ಮ ಮದುವೆಯಾಗಿ ವಾರವೂ ಕಳೆದಿರಲಿಲ್ಲ, ನೀವು ಮಗಳ ಮನೆಗೆ ಹೊರಟಿರಿ. ಬಾಗಿಲಲ್ಲಿ ನಿಂತು ನಿಮ್ಮ ಮಗನಿಗೆ ಕೈಯಲ್ಲಿ ಏನೋ ಹೇಳಿದಿರಿ. ನನಗೆ ಆಗ ಕೈಮಾತು ಬರುತ್ತಿರಲಿಲ್ಲ. ಬೈಗುಳವಿರಬೇಕು, ನನಗೇ ಇರಬೇಕು ಅಂದುಕೊಂಡು ಇಷ್ಟು ದಿನ ಕಳೆದೆ. ಈಗ ನಿಮ್ಮ ಮಗನನ್ನು ಕೂರಿಸಿಕೊಂಡು ಕೇಳಿದೆ. “ಇನ್ನು ಈ ಮನೇಲಿ ಅವಳ ಹೆಸರು ಯಾರೂ ಕರೆಯಲ್ಲ. ಅದನ್ನ ನೋಡ್ಕೊಂಡು ನಾನಿಲ್ಲಿ ಇರಲ್ಲ” ಅಂದಿರಂತೆ.

ಅತ್ತೆ, ಕರೆಯುತ್ತೇವೆ. ನೀವು ಒಪ್ಪಿದರೆ ದಿನವಿಡೀ ಕರೆಯುತ್ತೇವೆ. ಈ ಮಗು ಸುಮ್ಮನೆ ಮಲಗುವ ಪೈಕಿಯಲ್ಲ, ನಾಳೆ ನಡೆಯತೊಡಗಿದರೆ ಇನ್ನೂ ಹೆಚ್ಚು ಕರೆಯಬೇಕಾಗುತ್ತದೆ. ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಅವಳ ಮಕ್ಕಳ ತಮ್ಮ. ಅವಳ ಹೆಸರು ಹೊರುವುದಕ್ಕೆ ಅವನಿಗಿಂತ ಸರಿಯಾದವರು ನನಗೆ ಕಾಣುವುದಿಲ್ಲ. ನಿಮಗೆ ಸರಿಯೆನಿಸದಿದ್ದರೆ ಬೇಡ ಅನ್ನಿ, ನಾನು ಎದುರಾಡುವುದಿಲ್ಲ. ಆದರೆ ಬೇಡ ಅನ್ನುವುದನ್ನೂ ಬಂದೇ ಅನ್ನಿ. ಕೈಯಲ್ಲಿ ಹೇಳುವ ಮಾತಿಗೆ ಎರಡು ಸಾಲಿನ ಕಾಗದ ಸಾಲುವುದಿಲ್ಲ.

ಭಾನುವಾರ ಮಗ್ಗ ಓಡುವುದಿಲ್ಲ. ನಿಮ್ಮ ಮಗ ಬೆಳಗಿನ ಬಸ್ಸಿಗೆ ಅಲ್ಲಿಗೆ ಬರುತ್ತಾರೆ, ಸಂಜೆಯೊಳಗೆ ಇಬ್ಬರೂ ಇಲ್ಲಿರುತ್ತೀರಿ. ನಿಮ್ಮ ಬೆತ್ತದ ಕುರ್ಚಿಯನ್ನು ಕಿಟಕಿಯ ಪಕ್ಕ ಹಾಕಿಸಿದ್ದೇನೆ, ಅಲ್ಲಿಂದ ತೊಟ್ಟಿಲೂ ಕಾಣುತ್ತದೆ, ಶೆಡ್ಡೂ ಕಾಣುತ್ತದೆ. ಬಟ್ಟೆಬರೆ ಎರಡು ದಿನಕ್ಕಾಗುವಷ್ಟು ತರಬೇಡಿ, ಎಲ್ಲವನ್ನೂ ತನ್ನಿ.

ಇಂತಿ, ನಿಮ್ಮ ದಾರಿ ಕಾಯುತ್ತಿರುವ
ಸೊಸೆ

ಮಡಿಚುವ ಮೊದಲು: ಇದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ನಿನ್ನೆ ನಡುವಿನವನಿಗೆ ಶೆಡ್ಡಿನ ಆ ತುದಿಯಿಂದ ನನ್ನನ್ನು ಕರೆಯಬೇಕಿತ್ತು, ಬೀಸುವುದಕ್ಕೆ ಬಟ್ಟೆ ಸಿಗಲಿಲ್ಲ. ಅವಸರದಲ್ಲಿ ತನ್ನ ಕೆಳತುಟಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಎಳೆದವನು ಗಾಬರಿಯಾಗಿ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ನಾನು ಆಗಲೂ ತುಟಿ ಕಚ್ಚಿಕೊಂಡೇ ಇದ್ದೆ, ಹಾಗಾಗಿ ಯಾರ ಹೆಸರೆಂದು ಕೇಳಬೇಕಾಗಲಿಲ್ಲ. ಯಾರಿಟ್ಟದ್ದು ಎಂದಷ್ಟೇ ಕೇಳಿದೆ. “ಅಜ್ಜಿ. ಊರಿಗೆ ಹೊರಡೋ ದಿನ. ‘ನಾನು ವಾಪಸ್ ಬರೋವರೆಗೂ ಅವಳೆದುರಿಗೆ ಕರೀಬೇಡಿ’ ಅಂದಿದ್ರು. ನಾನು ಕರೆದೆ ಅಂತ ಹೇಳ್ಬೇಡಿ ಚಿಕ್ಕಮ್ಮ” ಎಂದ. ಹೇಳಿಬಿಟ್ಟೆ, ಅವನನ್ನು ಬೈಯಬೇಡಿ. ಮಗನಿಗೆ ‘ಇರಲ್ಲ’ ಎಂದ ಕೈಯೇ ಮೊಮ್ಮಕ್ಕಳಿಗೆ ‘ವಾಪಸ್ ಬರೋವರೆಗೂ’ ಎಂದಿದೆ. ಎರಡನೆಯ ಮಾತನ್ನು ನಂಬಿಕೊಂಡು ಈ ಕಾಗದ ಬರೆದೆ. ಭಾನುವಾರ ಗೇಟಿನಲ್ಲಿ ನಿಂತಿರುತ್ತೇನೆ. ಬಸ್ಸಿಳಿದ ಜಾಗದಿಂದಲೇ ನನ್ನನ್ನು ಕರೆಯಿರಿ, ಕಾಣುತ್ತದೆ.