ಸವೆದ ಚುಕ್ಕೆಗಳು

ಅಣ್ಣನಿಗೆ,

ಈ ಪತ್ರವನ್ನೂ ಬ್ರೈಲಿನಲ್ಲೇ ಚುಚ್ಚುತ್ತಿದ್ದೇನೆ, ಅದಕ್ಕೇ ಚಿಕ್ಕದು. ಬೇರೆಯವರ ಬಾಯಲ್ಲಿ ಓದಿಸಿಕೊಳ್ಳೋ ವಿಷಯವಲ್ಲ.

ನಿನ್ನ ಕಾನೂನು ಪುಸ್ತಕವನ್ನು ಬ್ರೈಲಿಗೆ ಇಳಿಸೋದನ್ನು ಒಂಬತ್ತನೇ ಅಧ್ಯಾಯಕ್ಕೆ ಕೈಬಿಟ್ಟಿದ್ದೆ. ಹೆಬ್ಬೆರಳು ಊದಿದೆ ಅಂತ ಅಮ್ಮನ ಕೈಲಿ ಹೇಳಿಸಿದ್ದೆ. ಊದಿದ್ದು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಸಾಕಾಗಿತ್ತು. ದಿನವಿಡೀ ಆಸ್ಪತ್ರೆ ಬಟ್ಟೆ ಇಸ್ತ್ರಿ ಮಾಡಿ ಮೈ ಹಣ್ಣಾಗಿರುತ್ತೆ. ಆ ಪುಸ್ತಕ ಬರೆದ ಮಹಾನುಭಾವನಿಗೋ ಒಂದು ವಾಕ್ಯ ಮುಗಿಸೋಕೆ ಅರ್ಧ ಪುಟ ಬೇಕು. ಯಾರಾದರೂ ಗೆಳೆಯರಿಂದ ಓದಿಸಿ ರೆಕಾರ್ಡ್ ಮಾಡಿಸಿಕೋ ಅಂತ ಬರೆಯೋಕೆ ಹೊರಟಿದ್ದೆ.

ಅಷ್ಟರಲ್ಲಿ ನಾನು ಮೊದಲು ಚುಚ್ಚಿಕೊಟ್ಟಿದ್ದ ಹಾಳೆಗಳ ಕಟ್ಟು, ಬೈಂಡ್ ಮಾಡಿಸೋಕೆ ಅಂತ ನೀನು ಕಳಿಸಿದ್ದು, ಬಂತು. ಅದರಲ್ಲಿ ಒಂದು ಪುಟ ಕೈಗೆ ನುಣ್ಣಗೆ ಸಿಕ್ಕಿತು. ಬಲದಿಂದ ಎಡಕ್ಕೆ ಚುಚ್ಚು, ಹಾಳೆ ತಿರುಗಿಸಿದರೆ ಸರಿಹೋಗುತ್ತೆ ಅಂತ ಕಲಿಸಿದವನೇ ನೀನು. ನಾನು ತೂಕಡಿಸುತ್ತಾ ಆ ಪುಟವನ್ನು ಎಡದಿಂದ ಚುಚ್ಚಿಬಿಟ್ಟಿದ್ದೆ. ಸಾಲುಗಳೆಲ್ಲ ಬಾಲದಿಂದ ತಲೆಗೆ ಓಡುತ್ತಿವೆ. ಬೇರೆ ಪುಟಗಳ ಚುಕ್ಕೆಗಳು ಇನ್ನೂ ಚೂಪಾಗಿವೆ, ಅದರಲ್ಲಿ ಮಾತ್ರ ಸವೆದು ಚಪ್ಪಟೆಯಾಗಿವೆ. ಎಷ್ಟು ಸಲ ಬೆರಳಾಡಿಸಿ ಬಿಡಿಸಿಕೊಂಡೆಯೋ. ನನಗೆ ಒಂದು ಮಾತೂ ಹೇಳಲಿಲ್ಲ.

ಉಳಿದ ಅಧ್ಯಾಯಗಳು ಇದರ ಜೊತೆಗಿವೆ, ಪೂರ್ತಿ. ಆ ಪುಟವನ್ನೂ ಹೊಸದಾಗಿ ಚುಚ್ಚಿದ್ದೇನೆ. ಇನ್ನು ಮೇಲೆ ತಪ್ಪಿದ್ದರೆ ಬೈದು ಹೇಳು. ಮುಂದಿನ ಪುಸ್ತಕ ಕಳಿಸುವುದಾದರೆ ಒಂದು ತಿಂಗಳು ಬಿಟ್ಟು ಕಳಿಸು, ಜೊತೆಗೆ ದಪ್ಪ ಹಾಳೆಯೂ ಇರಲಿ.

ಹಳೇ ಪುಟವನ್ನು ವಾಪಸ್ ಕೇಳಬೇಡ. ಅದನ್ನು ಮೇಜಿನ ಮೇಲೆ, ಕೈಗೆ ಸಿಗೋ ಹಾಗೆ ಇಟ್ಟುಕೊಂಡಿದ್ದೇನೆ.

ನಿನ್ನ ತಂಗಿ