ಕೋವಿ ಒಪ್ಪಿಸಿದವನ ಅಕ್ಕ

ಪ್ರೀತಿಯ ತಮ್ಮ ದೌತಿಮಿ,

ಯೆನಗೋವಾ ಪಟ್ಟಣದಲ್ಲಿ ನೀನು ವೆಲ್ಡಿಂಗ್ ಅಂಗಡಿ ತೆರೆದ ಸುದ್ದಿ ಬಂತು. ಊರವರು ಖುಷಿಪಟ್ಟರು, ನಾನೂ ನಕ್ಕೆ. ಮನೆಗೆ ಬಂದು ಗೆಣಸು ಸುಲಿಯಲು ಕೂತಾಗ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ.

ತೈಲ ಕಂಪನಿಯ ಪೈಪು ಒಡೆದು ಹೊಳೆಯೆಲ್ಲ ಕಚ್ಚಾತೈಲ ಹರಡಿ, ಅಪ್ಪನ ಬಲೆಗೆ ಸತ್ತ ಮೀನಷ್ಟೇ ಬಿದ್ದ ವರ್ಷ ನೀನು ಉಪ್ಪುನೀರಿನ ಕಾಂಡ್ಲಾ ಕಾಡಿನಲ್ಲಿದ್ದ ಬಂಡುಕೋರರ ಶಿಬಿರ ಸೇರಿದೆ. ಒಣಮೀನಿನ ಬುಟ್ಟಿಯ ತಳದಲ್ಲಿ ಗುಂಡುಗಳನ್ನಿಟ್ಟು, ಸೈನಿಕರ ಕಣ್ಣೆದುರೇ ದೋಣಿ ನಡೆಸಿಕೊಂಡು ಅಲ್ಲಿಗೆ ಬರುತ್ತಿದ್ದವಳು ನಾನು. ಒಮ್ಮೆ ಒಬ್ಬ ಬುಟ್ಟಿಗೆ ಕೈ ಹಾಕಿದ. "ಮೀನು ಹಳಸಿದೆ ಸಾಹೇಬ್ರೆ, ವಾರವಿಡೀ ಕೈ ನಾರತ್ತೆ, ಆಮೇಲೆ ಹೆಂಡ್ತಿ ಹತ್ರ ಸೇರಿಸಲ್ಲ" ಅಂದೆ. ಕೈ ಹಿಂತೆಗೆದ. ಅದನ್ನು ಕೇಳಿ ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ.

ಆಮೇಲೆ ರಾಜಧಾನಿ ಅಬುಜಾದಿಂದ ಕ್ಷಮಾದಾನದ ಘೋಷಣೆ ಬಂತು. ಕೋವಿ ಒಪ್ಪಿಸಿದವರಿಗೆ ಕ್ಷಮೆ, ತಿಂಗಳ ಭತ್ಯೆ, ಕಸುಬಿನ ತರಬೇತಿ. ಮೈದಾನದ ಸಾಲಿನಲ್ಲಿ ನಿನ್ನ ಬೆನ್ನ ಹಿಂದೆಯೇ ನಾನಿದ್ದೆ.

"ನಿನ್ನ ಕೋವಿ ಎಲ್ಲಮ್ಮಾ?" ಎಂದ ಅಧಿಕಾರಿ.

"ನಾನು ಗುಂಡು ಸಾಗಿಸ್ತಿದ್ದೋಳು."

ಅವನು ನಿನ್ನತ್ತ ತಿರುಗಿದ. "ಏನಪ್ಪಾ, ಇವಳೂ ನಿಮ್ಮ ಜೊತೆಗಿದ್ಲಾ?"

ನೀನು ತಲೆಯೆತ್ತದೆ ಹೇಳಿದೆ: "ನಮ್ಮಕ್ಕ ಸಾರ್. ಅಡುಗೆ ಮಾಡ್ತಿದ್ಲು ಅಷ್ಟೇ."

ನನ್ನನ್ನು ಕಾಪಾಡಲೆಂದು ಹಾಗೆ ಅಂದಿರಬಹುದು. ಆದರೆ ಅದು ಕ್ಷಮೆ ಹಂಚುತ್ತಿದ್ದ ದಿನ. ಯಾರಿಂದ ಕಾಪಾಡಿದೆ?

ಪಟ್ಟಿಯಲ್ಲಿ ನನ್ನ ಹೆಸರು ಸೇರಲಿಲ್ಲ; ನೀನು ಹಡಗುಕಟ್ಟೆಯ ವೆಲ್ಡಿಂಗ್ ಶಾಲೆಗೆ ಹೋದೆ. ಅಲ್ಲಿಂದ ಬಂದ ಫೋಟೊದಲ್ಲಿ ಮುಖಗವಸು, ದಪ್ಪ ಕೈಗವಸು, ಸಿಡಿಯುವ ಕಿಡಿ. ಅಮ್ಮ ಅದನ್ನು ಬಂದವರಿಗೆಲ್ಲ ತೋರಿಸಿದಳು. ನಾನು ಕೈಗವಸುಗಳನ್ನೇ ನೋಡುತ್ತಿದ್ದೆ. ನಿನ್ನ ಕೈಗಿಂತ ನನ್ನ ಕೈ ಗಟ್ಟಿ, ಅದು ನಿನಗೂ ಗೊತ್ತು.

ಈಗ ಗುಂಡಿನ ಸದ್ದಿಲ್ಲ. ಹೊಳೆಯ ಮೇಲಿನ ಎಣ್ಣೆ ಮಾತ್ರ ಹಾಗೇ ಇದೆ. ನಿನ್ನೆ ದೋಣಿಕಟ್ಟೆಯಲ್ಲಿ ಮೀಸೆ ಚಿಗುರುತ್ತಿರುವವರು ಮಾತಾಡಿಕೊಳ್ಳುತ್ತಿದ್ದರು: "ಸುಮ್ನಿದ್ದೋರಿಗೆ ಏನು ಸಿಕ್ತು? ಮೊದ್ಲು ಒಂದು ಕೋವಿ ಬೇಕು ಕಣೋ. ಬೇಕಾದ್ರೆ ಲಾಯೆಫಾ ಅಕ್ಕನ್ನ ಕೇಳು." ನನ್ನ ಹೆಸರು ಕೇಳಿ ಹಿಂತಿರುಗಿ ನೋಡಿದೆ. ಕ್ಷಮೆಗೆ ಕೋವಿಯೇ ಟಿಕೆಟ್ಟಾದರೆ ಈ ಶಾಂತಿ ಎಷ್ಟು ದಿನ ಬಾಳೀತು?

"ಬಾ ಅಕ್ಕಾ, ಇಲ್ಲಿ ಕೆಲಸದೋರಿಗೆ ಬೇಯಿಸಿ ಹಾಕೋರಿಲ್ಲ" ಎಂದು ಹೇಳಿಕಳಿಸಿದ್ದೀಯ. ಸೋಮವಾರದ ದೋಣಿಗೆ ಬರುತ್ತೇನೆ. ಒಲೆಗೆ ಬೇರೆಯವರನ್ನು ನೋಡಿಕೋ. ನೀನು ಕಲಿತದ್ದನ್ನೆಲ್ಲ ನನಗೆ ಕಲಿಸಬೇಕು, ಒಂದನ್ನೂ ಮುಚ್ಚಿಡದೆ. ಕೋವಿ ಹಿಡಿಯದೆಯೂ ಕಸುಬು ಸಿಕ್ಕವಳೊಬ್ಬಳು ಈ ಊರಿಗೆ ಬೇಕಾಗಿದ್ದಾಳೆ. ಹೊಟ್ಟೆಕಿಚ್ಚು ಆರಿದೆ ಎಂದು ಸುಳ್ಳು ಹೇಳಲಾರೆ. ನಿನಗಿಂತ ಒಳ್ಳೆಯ ಬೆಸುಗೆ ಹಾಕಿದ ದಿನ ಆರೀತು.

ಅಲ್ಲಿಯವರೆಗೆ ನಿನ್ನ ಕಣ್ಣು ತಂಪಾಗಿರಲಿ, ಕೈ ಸುಡದಿರಲಿ.

ನಿನ್ನ ಅಕ್ಕ,
ಲಾಯೆಫಾ